ಬೈದ ಮೇಲೆ ‘ಊಟ ಆತಾ’ ಎನ್ನುವ ಅಡ್ಮಿನ್

ಕಾಸರಕೋಡ ಬಂದರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೋಣಿಗಳು ಒಂದೊಂದಾಗಿ ಧಕ್ಕೆಗೆ ಬಂದು ತಾಗುತ್ತಿವೆ. ಮೀನಿನ ರಾಶಿಯ ಸುತ್ತ ಹೆಂಗಸರು ಮುತ್ತಿಕೊಂಡಿದ್ದಾರೆ. ಅವರ ನಡುವೆ ಎಲ್ಲರಿಗಿಂತ ಗಿಡ್ಡಗಿರುವ, ಎಲ್ಲರಿಗಿಂತ ದೊಡ್ಡ ಗಂಟಲಿನ ಒಬ್ಬರು ಬಂಗಡೆಯ ಕಿವಿರು ಬಿಡಿಸಿ ನೋಡುತ್ತಾರೆ. “ಇದು ನಿನ್ನೆ ಮೀನು. ನಂಗೆ ಹೇಳೂಕೆ ಬರ್ಬೇಡ” ಎಂದು ಹರಾಜು ಕೂಗುವವನ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಅವನು ಸಮುದ್ರದ ಮೇಲೆ ಆಣೆ ಹಾಕುತ್ತಾನೆ. ಇವರು ನಗುತ್ತಾರೆ, ಬೈಯುತ್ತಾರೆ, ಕೊನೆಗೆ ಪಕ್ಕದ ರಾಶಿಯನ್ನು ಕೊಳ್ಳುತ್ತಾರೆ. ಹೊರಡುವಾಗ ಅದೇ ಮನುಷ್ಯನಿಗೆ, “ಚಾ ಕುಡ್ದಾ ಇಲ್ವಾ?” ಎಂದು ಕೇಳುವುದನ್ನು ಮರೆಯುವುದಿಲ್ಲ.

ಇವರು ಮಂಗಲಾ ಹರಿಕಂತ್ರ. ಪೇಟೆಯವರಿಗೆಲ್ಲ ಮಂಗಲಕ್ಕ. ಬುಟ್ಟಿಗೆ ಐಸು ಹಾಕಿ ಟೆಂಪೋ ಏರಿಸಿದ ಮೇಲೆ ಸೊಂಟದಿಂದ ಫೋನು ಹೊರಬರುತ್ತದೆ. ಮೀನಿನ ನೀರು ತಾಗದಂತೆ ಅದನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಕೊಟ್ಟೆಯ ಮೇಲಿನಿಂದಲೇ ಹೆಬ್ಬೆರಳು ಒತ್ತಿ ಹಿಡಿದು ಮಾತು ಶುರು ಮಾಡುತ್ತಾರೆ.

“ಎಲ್ಲರಿಗೂ ನಮಸ್ಕಾರ. ಇವತ್ತು ಬಂಗಡೆ ಚಲೋ ಬಂದದೆ, ತಾರ್ಲೆ ಸಣ್ಣದು. ನಿನ್ನೆ ಸಂಜೆ ಇಬ್ರು ರಸ್ತೆ ವಿಷಯಕ್ಕೆ ಬರ್ದು ಬರ್ದು ಜಗಳ ಮಾಡಿದ್ರಿ, ನೋಡಿದೆ. ಹೆಸ್ರು ಹೇಳೂದಿಲ್ಲ. ನಾ ಪೇಟೆ ಮುಟ್ಟೂದ್ರೊಳಗೆ ಇಬ್ರೂ ವಾಯ್ಸ್ ಹಾಕಿ. ಆತಾ?”

ಮಾತು ಮುಗಿಸಿ ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸುತ್ತಾರೆ. ಕುಮಟಾದಿಂದ ಭಟ್ಕಳದವರೆಗೆ ಹರಡಿಕೊಂಡಿರುವ ಮುನ್ನೂರು ಚಿಲ್ಲರೆ ಸದಸ್ಯರ ವಾಟ್ಸಾಪ್ ಗುಂಪೊಂದು ಬೆಳಗಾಗುವುದು ಹೀಗೆ. ಗುಂಪಿನ ಹೆಸರು ‘ಪೇಟೆ ಸುದ್ದಿ’. ಪೇಟೆಯ ಹೆಸರನ್ನು ಮಾತ್ರ ಬರೆಯಬಾರದು ಎಂದು ಮಂಗಲಕ್ಕ ತಾಕೀತು ಮಾಡಿದ್ದಾರೆ. ಬರೆದರೆ ಹೊರಗಿನವರೆಲ್ಲ “ನಮ್ಮನ್ನೂ ಸೇರಿಸಿ” ಎಂದು ಬೆನ್ನು ಹತ್ತುತ್ತಾರಂತೆ. ಹೊನ್ನಾವರಕ್ಕೂ ಕುಮಟಾಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಒಂದು ಸಣ್ಣ ಪೇಟೆ ಎಂದಷ್ಟು ಹೇಳಲು ಅಪ್ಪಣೆಯಿದೆ.

ಮಂಗಲಕ್ಕ ಈ ಗುಂಪು ಕಟ್ಟಿದವರಲ್ಲ. ಕಟ್ಟಿದ್ದು ಝೆರಾಕ್ಸ್ ಅಂಗಡಿಯ ಲೋಕೇಶ. ಬಸ್ಸು ಎಷ್ಟು ಹೊತ್ತಿಗೆ, ಕರೆಂಟು ಯಾವಾಗ ಬರುತ್ತದೆ, ಯಾರ ಮನೆಯ ಆಕಳು ತಪ್ಪಿಸಿಕೊಂಡಿದೆ ಎಂದು ಕೇಳಿ ಹೇಳುವುದಕ್ಕಾಗಿ ಕಟ್ಟಿದ್ದ. ಮೊದಮೊದಲು ಹಾಗೇ ನಡೆಯಿತು. ಆಮೇಲೆ ರಾಜಕೀಯ ಬಂತು, ಧರ್ಮ ಬಂತು, ಬಸ್ಸು ಪೇಟೆಯೊಳಗೆ ನಿಲ್ಲಬೇಕೋ ಹೆದ್ದಾರಿಯಲ್ಲೋ ಎಂಬ ಮಹಾಯುದ್ಧವೂ ಬಂತು. ದಾರಿಯಲ್ಲಿ ಸಿಕ್ಕರೆ “ಹೋ, ಆರಾಮಾ?” ಎಂದು ಹಲ್ಲು ಬಿಡುವವರೇ ಫೋನು ಹಿಡಿದರೆ ಒಬ್ಬರೊಬ್ಬರ ಅಪ್ಪನನ್ನೂ ಅಜ್ಜನನ್ನೂ ಬಿಡುತ್ತಿರಲಿಲ್ಲ. ಭಟ್ಕಳದ ಬಟ್ಟೆ ಅಂಗಡಿಯವರೊಬ್ಬರು ತಪ್ಪು ತಪ್ಪಾಗಿ ಕನ್ನಡ ಬರೆದರೆಂದು ಅವರನ್ನು ನಾಲ್ಕು ದಿನ ಆಡಿಕೊಂಡರು. ಲೋಕೇಶನಿಗೆ ಸಾಕುಬೇಕಾಯಿತು. ಹೋದ ವರ್ಷದ ಮಳೆಗಾಲದಲ್ಲಿ ಒಂದು ದಿನ ಕೈಮುಗಿಯುವ ಚಿತ್ರ ಹಾಕಿ ಗುಂಪು ಬಿಟ್ಟು ಹೊರಟೇಹೋದ.

ಇದ್ದ ಒಬ್ಬನೇ ಅಡ್ಮಿನ್ ಎದ್ದು ಹೋದರೆ ಆ ಪಟ್ಟ ತಾನಾಗಿ ಇನ್ಯಾರದೋ ತಲೆಗೆ ಕಟ್ಟಿಕೊಳ್ಳುತ್ತದೆ. ಇಲ್ಲಿ ಮಂಗಲಕ್ಕನ ತಲೆಗೆ ಕಟ್ಟಿಕೊಂಡಿತು. ಇದು ಅವರಿಗೆ ಗೊತ್ತಾದದ್ದೇ ಎಷ್ಟೋ ದಿನದ ಮೇಲೆ. ಅಷ್ಟರಲ್ಲಿ ಅವರ ಕೈಯಿಂದ ಒಂದು ತಪ್ಪು ನಡೆದುಹೋಗಿತ್ತು.

ಆವತ್ತು ಟೆಂಪೋದ ತಿಮ್ಮ ಐಸು ತರಲು ಮರೆತಿದ್ದ. ಸೆಕೆಯಲ್ಲಿ ಅರ್ಧ ಬುಟ್ಟಿ ಶೆಟ್ಲಿ, ಅಂದರೆ ಸಿಗಡಿ, ಹಾಳಾಯಿತು. ಸಿಟ್ಟು ನೆತ್ತಿಗೇರಿ ಮಂಗಲಕ್ಕ ತಿಮ್ಮನಿಗೆ ವಾಯ್ಸ್ ಹಾಕಿದರು. ಒದ್ದೆ ಬೆರಳು ಒತ್ತಿದ್ದು ತಿಮ್ಮನ ಹೆಸರನ್ನಲ್ಲ, ‘ಪೇಟೆ ಸುದ್ದಿ’ಯನ್ನು. ಹೆದ್ದಾರಿ ಬಸ್ಸಿನ ಜಗಳ ತಾರಕಕ್ಕೇರಿದ್ದ ಹೊತ್ತಿನಲ್ಲಿ ಇಡೀ ಊರು ಆ ಬೈಗುಳ ಕೇಳಿತು. ತಿಮ್ಮನ ತಲೆ, ತಿಮ್ಮನ ಮರೆವು, ತಿಮ್ಮನ ಟೆಂಪೋದ ಹಾರ್ನು, ಯಾವುದೂ ಉಳಿಯಲಿಲ್ಲ. ಆದರೆ ಕೊನೆಗೆ ಅದೇ ಉಸಿರಿನಲ್ಲಿ, “ಊಟ ಆತಾ ನಿಂಗೆ? ಆಗ್ದೆ ಇದ್ರೆ ಮನೆಗೆ ಬಾ. ಗಂಜಿ ಅದೆ, ಒಣಮೀನ್ ಸುಟ್ಟಿಟ್ಟಿದೆ” ಎಂದೂ ಇತ್ತು.

ಎಲ್ಲರೂ ಅದನ್ನು ಎರಡೆರಡು ಸಲ ಕೇಳಿದರು. ಆಮೇಲೆ ಯಾರೋ ನಕ್ಕರು. ಇನ್ಯಾರೋ, “ಮಂಗಲಕ್ಕ, ನಮಗೂ ಹೀಂಗೇ ಬೈಯಿ” ಎಂದು ಬರೆದರು. ಬಸ್ಸಿನ ಜಗಳ ಎಲ್ಲಿ ನಿಂತಿತ್ತೆಂದು ಮರುದಿನ ಯಾರಿಗೂ ನೆನಪಿರಲಿಲ್ಲ.

“ನಂಗೆ ಮೊದ್ಲು ಮರ್ಯಾದೆ ಹೋದಾಂಗೆ ಆಗಿತ್ತು” ಎಂದು ಮಂಗಲಕ್ಕ ನೆನಪಿಸಿಕೊಂಡು ನಗುತ್ತಾರೆ. “ಆಮೇಲೆ ಕಂಡ್ತು. ಇವ್ರಿಗೆ ಜಗಳ ಮಾಡೂಕೇ ಬರೂದಿಲ್ಲ. ನಾವು ಮೀನ್ ಪೇಟೇಲಿ ದಿನಾ ಜಗಳ ಮಾಡ್ತ್ರು. ಜಾಗಕ್ಕೆ ಮಾಡ್ತ್ರು, ಗಿರಾಕಿಗೆ ಮಾಡ್ತ್ರು. ಆದ್ರೆ ಎದ್ರಿಗೆ ಮಾಡ್ತ್ರು. ಮಖ ಕಾಣ್ತದೆ ಅಲಾ, ಅದ್ಕೇ ಎಲ್ಲಿ ನಿಲ್ಸೂದು ಅಂತ ಗೊತ್ತಾಗ್ತದೆ.”

ಅವರ ಬಲಕ್ಕೆ ಕೂರುವ ಮಾಲಿನಿಯ ಜತೆಗಿನ ಜಗಳ ಪೇಟೆಗೇ ಪ್ರಸಿದ್ಧ. ಅಂಗೈಯಗಲ ನೆರಳಿಗಾಗಿ ಇಬ್ಬರೂ ವರ್ಷಗಟ್ಟಲೆ ಕಿತ್ತಾಡಿದ್ದಾರೆ. ಆದರೆ ಮೀನು ಮಾರುವ ಹೆಂಗಸರಲ್ಲಿ ಒಂದು ಕಟ್ಟಳೆಯಿದೆ. ಒಬ್ಬಳು ಚಾ ಕುಡಿಯಲೋ ಔಷಧಿ ತರಲೋ ಎದ್ದು ಹೋದರೆ ಅವಳ ಬುಟ್ಟಿಯನ್ನು ಪಕ್ಕದವಳು ನೋಡಿಕೊಳ್ಳಬೇಕು. ಕಾಗೆ ಓಡಿಸಬೇಕು, ಗಿರಾಕಿ ಬಂದರೆ ಮಾರಿಕೊಡಬೇಕು. ಬೆಳಿಗ್ಗೆ ಜುಟ್ಟು ಜುಟ್ಟು ಹಿಡಿದಿದ್ದರೂ ಸರಿಯೇ. “ಇವ್ಳ ಸಂಗ್ತಿ ಮಾತು ಬಿಟ್ಟಾಗ್ಲೂ ಇವ್ಳ ಬುಟ್ಟಿ ಬಿಡ್ಲಿಲ್ಲ” ಎನ್ನುತ್ತಾರೆ ಮಾಲಿನಿ. ಮಂಗಲಕ್ಕ ಕೂಡಲೇ, “ಮಾರಿದ್ದು ಮಾತ್ರ ಕಮ್ಮಿ ರೇಟಿಗೆ” ಎಂದು ಸೇರಿಸುತ್ತಾರೆ.

ಇದೇ ಪೇಟೆಯ ರೀತಿಯಿಂದ ಗುಂಪಿನ ಕಾನೂನು ಹುಟ್ಟಿತು. ಸುದ್ದಿ, ಶುಭಾಶಯ ಬೇಕಾದರೆ ಬರೆಯಬಹುದು. ಜಗಳವಾದರೆ ಸ್ವಂತ ದನಿಯಲ್ಲೇ ಆಡಬೇಕು. ಎಷ್ಟು ಬೇಕಾದರೂ ಬೈಯಬಹುದು, ಆದರೆ ಮುಗಿಸುವಾಗ ‘ಊಟ ಆತಾ’ ಎಂದು ಕೇಳಲೇಬೇಕು.

ಮೊದಲು ಎಲ್ಲರೂ ಇದನ್ನು ತಮಾಷೆ ಎಂದುಕೊಂಡರು. ಆದರೆ ಬರೆಯುವಾಗ ಸಲೀಸಾಗಿ ಬರುತ್ತಿದ್ದ ಶಬ್ದಗಳು ಬಾಯಿಂದ ಹೊರಡಲು ಒಪ್ಪಲಿಲ್ಲ. ಮನೆಯಲ್ಲಿ ಹೆಂಡತಿ ಕೇಳಿಸಿಕೊಳ್ಳುತ್ತಾಳೆ, ತಾಯಿ ಒಳಗಿಂದ “ಯಾರಿಗೋ ಅದು ಬೈಯೂದು?” ಎನ್ನುತ್ತಾಳೆ. ಬೈಗುಳದ ಹಿಂದೆ ಎದುರಾಳಿಯ ಮನೆಯ ಕುಕ್ಕರಿನ ಸೀಟಿಯೂ ಮಗುವಿನ ಕೆಮ್ಮೂ ಕೇಳಿಸುತ್ತವೆ. ಒಮ್ಮೆ ಚುನಾವಣೆಯ ವಾದದ ನಡುವೆಯೇ ಒಬ್ಬರು, “ಅದು ಹಾಂಗಿರ್ಲಿ, ಮಗು ಎಷ್ಟು ದಿನದಿಂದ ಕೆಮ್ತಾ ಇದ್ದು?” ಎಂದು ಕೇಳಿಬಿಟ್ಟರು. ಭಟ್ಕಳದ ಬಟ್ಟೆ ಅಂಗಡಿಯವರ ದನಿ ಬಂದ ಮೇಲೆ ಅವರ ಕನ್ನಡವನ್ನು ಯಾರೂ ಆಡಿಕೊಂಡಿಲ್ಲ. ಅವರು ‘ಊಟ ಆತಾ’ ಎನ್ನುವ ಚಂದ ಕೇಳಲೆಂದೇ ಈಗ ಅವರನ್ನು ಜಗಳಕ್ಕೆ ಎಳೆಯುವವರಿದ್ದಾರೆ.

ಇಷ್ಟೇ ಆಗಿದ್ದರೆ ಇದೊಂದು ನಗೆಯ ಕಥೆಯಾಗುತ್ತಿತ್ತು. ಈ ವರ್ಷದ ದೀಪಾವಳಿ ಕಳೆದ ಮೇಲೆ ಕಾನೂನು ಮಾಡಿದವರ ಬುಡಕ್ಕೇ ಜಗಳ ಬಂತು.

ಮೀನು ಮಾರುವ ಮೂಲೆಯ ಎದುರು ಗುರುದತ್ತ ಅವರ ಮನೆಯಿದೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದಾರೆ, ಮಗಳ ಸಂಸಾರ ಮಹಡಿಯಲ್ಲಿದೆ. ಮೀನು ತಿನ್ನುವವರಲ್ಲ. ಒಂದು ಮಧ್ಯಾಹ್ನ ಅವರು ಗುಂಪಿನಲ್ಲಿ ಉದ್ದಕ್ಕೆ ಬರೆದರು. ಈ ಹೆಂಗಸರಿಗೆ ಶುಚಿಯಿಲ್ಲ, ಸಂಸ್ಕೃತಿಯಿಲ್ಲ, ಇವರನ್ನು ಇಲ್ಲಿಂದ ಎಬ್ಬಿಸಬೇಕು, ಪಂಚಾಯತಿಗೆ ಅರ್ಜಿ ಕೊಟ್ಟಾಗಿದೆ ಎಂದು.

ಆ ಮೂಲೆಯ ನೆರಳಿನಲ್ಲಿ ಕುಳಿತೇ ಮಂಗಲಕ್ಕ ಗಂಡನ ಕಾಯಿಲೆಗೆ ಔಷಧಿ ಮಾಡಿಸಿದ್ದಾರೆ, ಇಬ್ಬರು ಹೆಣ್ಣುಮಕ್ಕಳನ್ನು ಕುಮಟಾದ ಕಾಲೇಜಿಗೆ ಕಳಿಸಿದ್ದಾರೆ. ಅಲ್ಲಿಂದ ಎಬ್ಬಿಸಿದರೆ ಗಿರಾಕಿ ಸಿಗುವ ಬೇರೆ ಜಾಗವಿಲ್ಲ. “ಓದ್ದಾಗ ಎರಡು ಸಂಕಟ ಆತು. ಜಾಗ ಹೋಗೂ ಹೆದ್ರಿಕೆ ಒಂದು. ಸಂಸ್ಕೃತಿ ಇಲ್ಲ ಅಂದದ್ದು ಇನ್ನೊಂದು” ಎನ್ನುವಾಗ ಅವರ ದೊಡ್ಡ ಗಂಟಲು ಸಣ್ಣದಾಗುತ್ತದೆ.

ಮಂಗಲಕ್ಕ ಬಾಯಿ ತೆರೆಯುವ ಮೊದಲೇ ತಿಮ್ಮ ಬರೆದಿದ್ದ. ಅಕ್ಕನ ಮೇಲಿನ ಪ್ರೀತಿಗೆ ಗುರುದತ್ತರನ್ನು ಹಿಗ್ಗಾಮುಗ್ಗಾ ಬೈದು, ತೀರಿಕೊಂಡ ಅವರ ಹೆಂಡತಿಯ ಹೆಸರನ್ನೂ ಎಳೆದು ತಂದಿದ್ದ. ಉಳಿದವರು ಅದಕ್ಕೆ ತುಪ್ಪ ಸುರಿದರು. “ಅವರನ್ನ ರಿಮೂವ್ ಮಾಡು” ಎಂದು ಮಾಲಿನಿಯೂ ಹಟ ಹಿಡಿದರು. ಬೆರಳು ಒತ್ತಿದರೆ ಮುಗಿಯುತ್ತಿತ್ತು.

ಮಂಗಲಕ್ಕ ಒತ್ತಲಿಲ್ಲ. ಗುರುದತ್ತರೂ ತಿಮ್ಮನೂ ವಾಯ್ಸ್ ಹಾಕಬೇಕು ಎಂದರು. “ನಿನ್ನ ಸಲುವಾಗಿಯೇ ಬರ್ದದ್ದಲಾ ಅಕ್ಕಾ” ಎಂದು ತಿಮ್ಮ ಮುಖ ಸಣ್ಣ ಮಾಡಿದ. “ನನ್ನ ಸಲುವಾಗಿ ಆ ಅಮ್ಮನ್ನ ಎಂತಕೆ ತಂದೆ? ಸತ್ತವ್ರು ನಿಂಗೆ ಎಂತ ಮಾಡಿದ್ರು?” ಎಂದು ಕೇಳಿದರು ಮಂಗಲಕ್ಕ. ಅವನು ವಾಯ್ಸ್ ಹಾಕುವವರೆಗೆ ಅವನ ಟೆಂಪೋ ಹತ್ತುವುದಿಲ್ಲವೆಂದು ಮರುದಿನ ಬುಟ್ಟಿ ಹೊತ್ತು ಬಸ್ಸಿಗೆ ನಿಂತರು. ಕಂಡಕ್ಟರು ಕಿರಿಕಿರಿ ಮಾಡಿದ, ಪೇಟೆ ಮುಟ್ಟುವಾಗ ಹೊತ್ತಾಗಿ ಅರ್ಧ ಗಿರಾಕಿ ಹೋಗಿಯಾಗಿತ್ತು. ಆ ಸಂಜೆಯೇ ತಿಮ್ಮನ ದನಿ ಬಂತು: “ತಪ್ಪಾತು ಸ್ವಾಮಿ. ಅಮ್ಮನ ಹೆಸ್ರು ತರೂಕಾಗ್ತಿತ್ತಿಲ್ಲ. ಊಟ ಆತಾ?”

ಗುರುದತ್ತರ ದನಿ ಬರಲು ಇನ್ನೂ ಎರಡು ದಿನ ಹಿಡಿಯಿತು. ಜೀವಮಾನವಿಡೀ ಬೇರೆಯವರ ದನಿಗಳನ್ನು ಜೋಡಿಸಿಕೊಟ್ಟ ಮನುಷ್ಯ, ತನ್ನ ದನಿಯನ್ನು ಕಳಿಸಲು ಏಳೆಂಟು ಸಲ ಹಾಕಿ ಅಳಿಸಿದೆ ಎಂದು ಈಗ ತಾವೇ ಹೇಳುತ್ತಾರೆ. ಕೊನೆಗೆ ಬಂದದ್ದು ಇಷ್ಟು: “ಮಂಗಲಾ, ನಾನು ಗುರುದತ್ತ. ನಿಮ್ಮ ಮೀನಿನ ನೀರು ನನ್ನ ಗೇಟಿನ ಎದುರಿಗೆ ಹರಿದು ಬರ್ತದೆ. ಮೊನ್ನೆ ಅದರಲ್ಲಿ ಜಾರಿ ಬಿದ್ದೆ. ನಾಚಿಕೆಯಾಗಿ ಮಗಳಿಗೂ ಹೇಳಲಿಲ್ಲ. ಆ ಸಿಟ್ಟಿನಲ್ಲಿ ಏನೇನೋ ಬರೆದೆ. ಸಂಸ್ಕೃತಿ ಅಂತೆಲ್ಲ ಬರೀಬಾರದಿತ್ತು.” ಆಮೇಲೆ, ಕಾನೂನು ನೆನಪಾದವರಂತೆ, “ಊಟ ಆತಾ?”

ಮಂಗಲಕ್ಕ ಅದನ್ನು ಕೇಳುತ್ತ ಬುಟ್ಟಿಯ ಎದುರೇ ಅತ್ತರು. ಮಾಲಿನಿಯೂ ಅತ್ತರು, ಆಮೇಲೆ ಇಬ್ಬರೂ ನಕ್ಕರು. “ಬಿದ್ದೆ ಅಂತ ಮೊದ್ಲೇ ಹೇಳಿದ್ರೆ ಆಗ್ತಿತ್ತಲಾ” ಎಂದು ಮಂಗಲಕ್ಕ, ಔಷಧಿ ಅಂಗಡಿಯಿಂದ ತಂದ ಬಿಸಿನೀರಿನ ಚೀಲ ಹಿಡಿದು ಗುರುದತ್ತರ ಗೇಟು ದಾಟಿ ಹೋದರು. ಹೋದವರ ಕಣ್ಣಿಗೆ ಹಿತ್ತಲಿನಲ್ಲಿ ಸೊರಗಿ ನಿಂತ ತೆಂಗಿನ ಮರಗಳು ಬಿದ್ದವು. ಅಂದಿನಿಂದ ಮೀನು ತೊಳೆದ ನೀರು ಗೇಟಿನ ಎದುರು ಹರಿಯುವುದಿಲ್ಲ. ಹೆಂಗಸರು ಅದನ್ನು ಬಕೆಟ್ಟಿನಲ್ಲಿ ಹಿಡಿದು ಸರದಿಯ ಮೇಲೆ ಆ ಮರಗಳ ಬುಡಕ್ಕೆ ಹೊಯ್ದು ಮಣ್ಣು ಮುಚ್ಚುತ್ತಾರೆ. ಗುರುದತ್ತರು ಗೇಟಿಗೆ ಚಿಲಕ ಹಾಕುವುದನ್ನು ಬಿಟ್ಟಿದ್ದಾರೆ.

ಅರ್ಜಿ ಮಾತ್ರ ತನ್ನ ಪಾಡಿಗೆ ನಡೆದುಕೊಂಡು ಹೋಗಿತ್ತು. ಅದನ್ನು ವಾಪಸು ಪಡೆದೆನೆಂದು ಗುರುದತ್ತರು ಬರೆದುಕೊಟ್ಟರೂ, ಮೂಲೆಯ ಹೆಂಗಸರೆಲ್ಲ ಒಮ್ಮೆ ಬಂದು ಹೋಗಬೇಕೆಂದು ಪಂಚಾಯತಿಯಿಂದ ಕರೆ ಬಂತು. ಕಳೆದ ವಾರ ಎಲ್ಲರೂ ಹೊರಟು ನಿಂತಾಗ ಕಟ್ಟಳೆಗೇ ಕಷ್ಟ ಬಂತು. ಎಲ್ಲರೂ ಎದ್ದು ಹೋದರೆ ಬುಟ್ಟಿ ನೋಡುವ ಪಕ್ಕದವಳು ಯಾರು?

ಎದುರು ಮನೆಯ ಗೇಟು ತೆರೆಯಿತು. ಗುರುದತ್ತರು ಒಂದು ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಇನ್ನೊಂದರಲ್ಲಿ ಕೊಡೆ ಹಿಡಿದು ಬಂದು, ಮೂಗಿಗೆ ಟವೆಲು ಕಟ್ಟಿಕೊಂಡು, ಬುಟ್ಟಿಗಳ ನಡುವೆ ಕೂತರು. “ಹೋಗಿ ಬನ್ನಿ” ಎಂದರು.

ಇನ್ನು ಮುಂದೆಯೂ ಅಲ್ಲೇ ಕೂತು ಮಾರಬಹುದು ಎಂದು ಪಂಚಾಯತಿಯವರು ಹೇಳುತ್ತಿದ್ದ ಹೊತ್ತಿಗೇ ಹೆಂಗಸರ ಫೋನುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ‘ಪೇಟೆ ಸುದ್ದಿ’ಗೆ ಗುರುದತ್ತರ ವಾಯ್ಸ್ ಬಂದಿತ್ತು. ಹಿಂದೆ ಕಾಗೆಗಳ ಗಲಾಟೆ, ಕೊಡೆ ಬಡಿಯುವ ಸದ್ದು. “ಮಂಗಲಾ, ಇಲ್ಲಿ ಒಬ್ಬರು ಬಂಗಡೆ ಕೇಳ್ತಾ ಇದ್ದಾರೆ. ಇದರಲ್ಲಿ ಬಂಗಡೆ ಯಾವುದು?”

ಅದನ್ನು ಕೇಳಿ ಹೆಂಗಸರು ನಕ್ಕ ನಗು ಪಂಚಾಯತಿಯ ಜಗಲಿಯಿಂದ ಪೇಟೆಯವರೆಗೂ ಕೇಳಿಸಿತು ಎನ್ನುವವರಿದ್ದಾರೆ. ಉತ್ತರ ಬರುವಷ್ಟರಲ್ಲಿ ಗುರುದತ್ತರು ತಾರ್ಲೆ ಮೀನನ್ನೇ ಬಂಗಡೆಯೆಂದು ಮಾರಿದ್ದರು. ಕೊಂಡುಹೋದವರು ಸಂಜೆ ಬಂದು ಮಂಗಲಕ್ಕನ ಮೇಲೆ ರೇಗಿದರು. ಎದುರಿಗೇ ಬಂದು ರೇಗಿದರಲ್ಲ ಎಂದು ಮಂಗಲಕ್ಕನಿಗೆ ಸಮಾಧಾನವೇ ಆಯಿತಂತೆ.

ಈಗ ನಿಮ್ಮ ಆಸೆ ಏನು ಎಂದು ಕೇಳಿದರೆ ಮಂಗಲಕ್ಕ ಬುಟ್ಟಿಗೆ ನೀರು ಚಿಮುಕಿಸುತ್ತ ಎದುರು ಮನೆಯ ಕಡೆ ನೋಡುತ್ತಾರೆ.

“ನಂಗೆಂತ ಆಸೆ? ಜಗಳ ಆಡಿದವ್ರೇ ಬುಟ್ಟಿ ಕಾದ್ರು, ಅಷ್ಟು ಸಾಕು. ಅವ್ರು ಬಂಗಡೆ ಯಾವ್ದು, ತಾರ್ಲೆ ಯಾವ್ದು ಅಂತ ಒಂದು ಕಲ್ತ್‌ಕಂಡ್ರೆ, ನಾನು ಮಾಲಿನಿ ಇಬ್ರೂ ಒಟ್ಟಿಗೇ ಒಂದಿನ ಚಾ ಕುಡೂಕೆ ಹೋಗ್ಬಹುದು.”