ಒಂದು ಬಟಾಣಿಯಷ್ಟು ಮುಲಾಮು

ಎರಡನೇ ಮಗು ಹುಟ್ಟಿದ ಮೇಲೆ ನನ್ನ ಎರಡೂ ಕೆನ್ನೆಗಳ ಮೇಲೆ ಬಂಗು ಬಂತು. ನಾನು ಬೆಳ್ತಂಗಡಿಯಲ್ಲಿ ಟೀಚರು. ಮಕ್ಕಳು ಬೋರ್ಡು ಬಿಟ್ಟು ನನ್ನ ಕೆನ್ನೆಯನ್ನೇ ಓದುತ್ತಿದ್ದಾರೆ ಅನ್ನಿಸಿ, ಅವರಿಗೆ ಬೆನ್ನು ಹಾಕಿಯೇ ಪಾಠ ಮಾಡತೊಡಗಿದೆ. ನಗಬೇಡಿ, ನನಗೆ ನಿಜಕ್ಕೂ ಅಳು ಬರುತ್ತಿತ್ತು.

ನಮ್ಮ ಮನೆಯಲ್ಲಿ ಮುಲಾಮಿನ ಟ್ಯೂಬ್ ಎಂದರೆ ಬಾವಿಯ ಹಗ್ಗವಿದ್ದ ಹಾಗೆ, ಎಲ್ಲರ ಕೈಗೂ ಬರುತ್ತದೆ. ಅತ್ತೆಯ ಕಾಲಿನ ಗಜಕರ್ಣಕ್ಕೆ ಮೆಡಿಕಲ್ ಅಂಗಡಿಯವನು ಕೊಟ್ಟದ್ದನ್ನು ಗಂಡ ಶೇವಿಂಗ್ ಆದ ಮೇಲೆ ಹಚ್ಚುತ್ತಿದ್ದರು. ಹಚ್ಚಿದಲ್ಲಿ ಅತ್ತೆಯ ಕಾಲು ಬೆಳ್ಳಗಾದದ್ದು ಕಂಡು ನಾನೂ ಮುಖಕ್ಕೆ ಬಳಿದೆ. ಎರಡು ವಾರ ಮುಖ ಹೊಳೆಯಿತು. ಆಮೇಲೆ ಬಿಸಿಲಿಗೆ ಹೋದರೆ ಉರಿ, ಕೆಂಪು, ಸಾಲದ್ದಕ್ಕೆ ಗುಳ್ಳೆ. ಕಾಲಿನ ಮದ್ದನ್ನು ಮುಖಕ್ಕೆ ಹಚ್ಚಿದ ನಾನು ಮಕ್ಕಳಿಗೆ ವಿಜ್ಞಾನ ಕಲಿಸುವವಳು.

ಮೂಡುಬಿದಿರೆಯ ಚರ್ಮದ ಡಾಕ್ಟರ ಹತ್ತಿರ ಅತ್ತೆಯೂ ಜೊತೆಗೆ ಬಂದರು. ಟ್ಯೂಬ್ ನೋಡಿದ ಡಾಕ್ಟರು ಅದರಲ್ಲಿ ಸ್ಟೀರಾಯ್ಡ್ ಉಂಟೆಂದು ಗದರಿ, ಮೊದಲು ಉರಿ ಇಳಿಸಲು ಮದ್ದು ಕೊಟ್ಟರು. ಮುಂದಿನ ತಿಂಗಳು ಬೇರೆ ಕ್ರೀಮ್ ಬರೆದರು. ರಾತ್ರಿ ಮಾತ್ರ, ಬಂಗು ಇದ್ದಲ್ಲಿ ಮಾತ್ರ, ಬಟಾಣಿಯಷ್ಟು, ಮೂರು ತಿಂಗಳು. ಉರಿದರೆ ನಿಲ್ಲಿಸಬೇಕು, ಬಸುರಿಯಾದರೆ ಮುಟ್ಟಬಾರದು, ಮನೆಯಲ್ಲಿ ಹಂಚಬಾರದು. ಹಗಲು ಸನ್‌ಸ್ಕ್ರೀನ್ ತಪ್ಪಿಸಲೇಬಾರದು.

ಅತ್ತೆಗೆ ಒಂದೇ ಸಂಶಯ. "ನೆನೆಹಾಕಿದ ಬಟಾಣಿಯೋ, ಒಣಗಿದ್ದೋ ಡಾಕ್ಟ್ರೇ?"

ಡಾಕ್ಟರು ಪೆನ್ನು ಕೆಳಗಿಟ್ಟು ಸ್ವಲ್ಪ ಯೋಚಿಸಿ, ಒಣಗಿದ್ದು ಎಂದರು.

ಅಂದಿನಿಂದ ಟ್ಯೂಬ್ ಅತ್ತೆಯ ಕಪಾಟು ಸೇರಿತು. ಊಟವಾದ ಮೇಲೆ ಅಂಗೈಯಲ್ಲಿ ಒಣ ಬಟಾಣಿ ಇಟ್ಟುಕೊಂಡು, ಅದಕ್ಕೆ ಸರಿಹೋಲುವಷ್ಟೇ ಕ್ರೀಮನ್ನು ನನ್ನ ಬೆರಳಿಗೆ ಹಿಂಡುತ್ತಿದ್ದರು. ಅಭ್ಯಾಸಬಲದಿಂದ ಗಂಡನೂ ಕೈಚಾಚಿದರೆ ಅವರಿಗೆ ಬಟಾಣಿ ಸಿಗುತ್ತಿತ್ತು.

ಮೂರು ತಿಂಗಳಿಗೆ ಬಂಗು ಪೂರ್ತಿ ಹೋಗಲಿಲ್ಲ, ತಿಳಿಯಾಯಿತು. ನಾನು ಮತ್ತೆ ಮಕ್ಕಳ ಕಡೆ ಮುಖ ಮಾಡಿ ನಿಂತೆ. ಅತ್ತೆಯ ಜೊತೆ ಮತ್ತೆ ತೋರಿಸಲು ಹೋದಾಗ, ಕ್ರೀಮ್ ಸಾಕು, ಸನ್‌ಸ್ಕ್ರೀನ್ ಮುಂದುವರಿಯಲಿ ಎಂದರು ಡಾಕ್ಟರು. ನಾನು ಎದ್ದೆ, ಅತ್ತೆ ಏಳಲಿಲ್ಲ. ಸೆರಗಿನಿಂದ ಕೆನ್ನೆ ಒರೆಸಿಕೊಂಡು ಬೆಳಕಿಗೆ ತಿರುಗಿಸಿದರು. ನನ್ನದಕ್ಕಿಂತ ಕಪ್ಪು ಬಂಗು. ಹನ್ನೆರಡು ವರ್ಷ ಒಂದೇ ಅಡುಗೆಮನೆಯಲ್ಲಿದ್ದೂ ನಾನದನ್ನು ಒಮ್ಮೆಯೂ ಗಮನಿಸಿರಲಿಲ್ಲ.

"ಮಗ ಹುಟ್ಟಿದಾಗ ಬಂದದ್ದು ಇದು," ಎಂದರು. "ಇದಕ್ಕೆ ಎಷ್ಟು ಬಟಾಣಿ ಬೇಕು ಡಾಕ್ಟ್ರೇ?"