ಅತ್ತೆ ಸೈನ್ ಹಾಕದ ರಂಗೋಲಿ

ಎರಡನೇ ಸಲವೂ ನನ್ನ ರಂಗೋಲಿ ವಾಪಸ್ ಬಂತು. ಕಾರಣ ಮೊದಲಿನದೇ: ಬೌದ್ಧಿಕ ಆಸ್ತಿ. ಇದು ಬೇರೊಬ್ಬರ ರಚನೆ, ಅವರ ಒಪ್ಪಿಗೆ ಪತ್ರ ಕಳಿಸಿ, ಇನ್ನೊಮ್ಮೆ ಹೀಗಾದರೆ ಖಾತೆ ಮುಚ್ಚುತ್ತೇವೆ ಎಂದು ಬರೆದಿದ್ದರು. ಓದಿ ಮೈಯೆಲ್ಲ ಉರಿದುಹೋಯಿತು. ಯಾರ ಮನೆಯದನ್ನು ಕದ್ದೆನಂತೆ ನಾನು?

ಕ್ಯಾಸಂಬಳ್ಳಿ ಪಕ್ಕದ ನಮ್ಮೂರಲ್ಲಿ ಹಾಲು ಕರೆದು, ಡೇರಿಗೆ ಹಾಕಿ ಬಂದು, ಮಿಕ್ಕ ಹೊತ್ತಿನಲ್ಲಿ ಲ್ಯಾಪ್‌ಟಾಪಿನಲ್ಲಿ ಡಿಸೈನ್ ಬರೆದು ಚಿತ್ರ ಮಾರುವ ವೆಬ್‌ಸೈಟಿಗೆ ಕಳಿಸುತ್ತಿದ್ದೆ. ಮನೆ ಮಾವನ ಹೆಸರಿನಲ್ಲಿ, ಹಸು ಗಂಡನ ಹೆಸರಿನಲ್ಲಿ. ನನ್ನ ಹೆಸರಿನಲ್ಲಿ ಇದ್ದದ್ದು ಆ ಖಾತೆಯೊಂದೇ. ಅದೂ ಹೋಗುತ್ತದಲ್ಲ ಎಂದು ಅಳುವೇ ಬಂತು.

ತಪ್ಪು ನನ್ನದೇ. ಅತ್ತೆ ದಿನಾ ಬೆಳಿಗ್ಗೆ ಬಾಗಿಲಿಗೆ ಹಾಕುವ ಚುಕ್ಕಿ ರಂಗೋಲಿ ನೋಡಿಕೊಂಡು ಬರೆದದ್ದು ಅದು. ದೊಡ್ಡವರದನ್ನು ನನ್ನದು ಅನ್ನಲು ಬಾಯಿ ಬರದೆ, ವಿವರದ ಜಾಗದಲ್ಲಿ ‘ನಮ್ಮತ್ತೆಯ ರಂಗೋಲಿ’ ಎಂದು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ತುಂಬಿದ್ದೆ. ಎರಡನೇ ಸಲವೂ ಅದನ್ನೇ ತುಂಬಿದ ಬೆಪ್ಪುತಕ್ಕಡಿ ನಾನು.

ಸರಿ, ಅತ್ತೆಯ ಸೈನು ತಾನೇ ಬೇಕು ಎಂದು ಫಾರಂ ಪ್ರಿಂಟ್ ಹಾಕಿಸಿ ತಂದರೆ, ಅವರು ಪೆನ್ನು ಮುಟ್ಟಲಿಲ್ಲ.

“ಅದು ನಂದಲ್ಲ ಕಣಮ್ಮ. ಮಾರಿಕುಪ್ಪದ ಅಕ್ಕುಂದು. ಸುಳ್ ಸೈನ್ ಆಕಾಕೆ ಆಯ್ತದಾ?”

“ಯಾರಿಗೆ ಗೊತ್ತಾಗ್ತದೆ ಅತ್ತೆ?”

“ನಂಗೊತ್ತಲ್ಲ.”

ಮದುವೆಯಾದ ಹೊಸತರಲ್ಲಿ ಅತ್ತೆ ಮಾರಿಕುಪ್ಪಂನ ಚಿನ್ನದ ಗಣಿ ಕಾಲೋನಿಯ ಮನೆಗಳಿಗೆ ದಿನಾ ವರ್ತನೆ ಹಾಲು ಹಾಕುತ್ತಿದ್ದರಂತೆ. ಅಲ್ಲೊಂದು ತಮಿಳರ ಮನೆಯ ಅಕ್ಕ ಬಾಗಿಲಲ್ಲಿ ಕೋಲ, ಅಂದರೆ ಅವರ ಕಡೆಯ ರಂಗೋಲಿ, ಹಾಕುವುದನ್ನು ನೋಡಿ ನೋಡಿಯೇ ಇದನ್ನು ಕಲಿತದ್ದಂತೆ. ಇಷ್ಟು ವರ್ಷ ಒಂದು ಮಾತು ಹೇಳಿರಲಿಲ್ಲ. ಗೊಣಗುತ್ತಲೇ ಮಾರನೆಯ ಬೆಳಿಗ್ಗೆ ಸ್ಕೂಟಿ ತೆಗೆದೆ. ಬರಿಗೈಲಿ ಹೋಗಬಾರದೆಂದು ಅತ್ತೆ ತೊಡೆಯ ಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು ಹಿಂದೆ ಕೂತರು.

ಮಾರಿಕುಪ್ಪಂನಲ್ಲಿ ಅದೇ ಮನೆ, ಬಾಗಿಲಲ್ಲಿ ಅದೇ ರಂಗೋಲಿ. ರೋಡಿನ ಕಡೆಯ ಅಂಚಿನಲ್ಲಿ ಮಾತ್ರ ತಟ್ಟೆಯಗಲ ಖಾಲಿ. ಅತ್ತೆಯ ರಂಗೋಲಿಯಲ್ಲೂ ಅಲ್ಲಿ ಖಾಲಿಯೇ ಇರುತ್ತಿತ್ತು. ವಯಸ್ಸಾಯಿತು, ಕೈ ತಪ್ಪುತ್ತದೆ ಎಂದುಕೊಂಡು ನಾನು ಲ್ಯಾಪ್‌ಟಾಪಿನಲ್ಲಿ ಅಂದವಾಗಿ ಮುಚ್ಚಿಬಿಟ್ಟಿದ್ದೆ. ಅತ್ತೆ ಯೋಚನೆಯೇ ಮಾಡದೆ ಬಗ್ಗಿ ಕ್ಯಾನನ್ನು ಆ ಖಾಲಿ ಜಾಗದಲ್ಲಿ ಇಟ್ಟರು. ಒಂದು ಗೆರೆಯೂ ಅಳಿಸಲಿಲ್ಲ.

“ಪಾಲ್ಕಾರಮ್ಮಾ,” ಎಂದು ಒಳಗಿಂದ ಅಜ್ಜಿಯೊಬ್ಬರು ಬಾಗಿಲು ಹಿಡಿದುಕೊಂಡು ಬಂದರು. ಮುಖ ನೋಡುವ ಮೊದಲೇ, ಕ್ಯಾನು ನೋಡಿ ಹಾಲಿನವಳೆಂದು ಗುರುತು ಹಿಡಿದಿದ್ದರು.

ಕಾಫಿ ಕೊಟ್ಟ ಮೇಲೆ ನನ್ನ ಪ್ರಿಂಟನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. “ಎಲ್ಲಾ ಸರಿ ಅದೆ. ಇಲ್ಲಿ ಯಾಕಮ್ಮ ಮುಚ್ಚಿದ್ದೆ?” ಎಂದು ಬೆರಳಿಟ್ಟರು. “ಇವಳು ಆಗ ಸಣ್ಣ ಹುಡ್ಗಿ. ಕೋಲ ತುಳಿಯಾಕೆ ಭಯ. ಕ್ಯಾನ್ ಹಿಡ್ಕೊಂಡು ರೋಡಲ್ಲೇ ನಿಂತಿರೋಳು, ಕೈ ನೋವು ಬಂದ್ರೂ ಕೂಗಲ್ಲ. ಅದಕ್ಕೇ ಕ್ಯಾನಿಗೆ ಅಂತ ಜಾಗ ಬಿಟ್ಟೆ.”

ಅತ್ತೆ ಕಾಫಿ ಲೋಟ ಕೆಳಗಿಟ್ಟರು. “ಅದೂ ಡಿಸೈನೇ ಅಂದ್ಕೊಂಡಿದ್ನಲ್ಲ ಅಕ್ಕಾ ನಾನು.”

“ಈಗ ಹಾಲು ಪಾಕೆಟ್ಟಲ್ಲಿ ಬರ್ತದಲ್ಲ, ಇನ್ನೂ ಯಾಕೆ ಬಿಡ್ತೀರಿ?” ಎಂದೆ ನಾನು.

“ಮುಚ್ಚಾಕೆ ಕೈ ಬರಲ್ಲಮ್ಮ.”

ಅತ್ತೆ ಸೆರಗು ಕಣ್ಣಿಗೊತ್ತಿಕೊಂಡರು. ಆ ವೆಬ್‌ಸೈಟಿನವರಿಗೆ ಎಷ್ಟು ಹಿಡಿಶಾಪ ಹಾಕಿದ್ದೆನೋ. ಅವರು ಮೊದಲ ಸಲಕ್ಕೇ ಒಪ್ಪಿಕೊಂಡಿದ್ದರೆ ನಾವು ಈ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಎಲ್ಲಿದ್ದಾರೋ ಪುಣ್ಯಾತ್ಮರು, ತಣ್ಣಗಿರಲಿ. ಅಜ್ಜಿ ತಮಿಳಿನಲ್ಲಿ ನಿಧಾನವಾಗಿ ಸೈನ್ ಹಾಕಿ, ಇವಳೂ ಹಾಕಲಿ ಎಂದು ಹಟ ಹಿಡಿದರು. ಅವರ ಹೆಸರಿನ ಕೆಳಗೆ ಅತ್ತೆ ಕನ್ನಡದಲ್ಲಿ ಬರೆದರು.

ಮನೆಗೆ ಬಂದು, ಮುಚ್ಚಿದ್ದ ಜಾಗ ಬಿಡಿಸಿ, ಫಾರಂ ಸೇರಿಸಿ, ಹೆದರುತ್ತಲೇ ಕಳಿಸಿದೆ. ಒಂದು ವಾರದ ಮೇಲೆ ಒಪ್ಪಿಕೊಂಡ ಮೇಲ್ ಬಂತು. ಕೊಟ್ಟಿಗೆಗೆ ಓಡಿಹೋಗಿ ಅತ್ತೆಗೆ ಹೇಳಿದೆ.

“ಯಾವ್ದು ಒಪ್ಕೊಂಡ್ರು? ಮುಚ್ಚಿದ್ದಾ, ಬಿಟ್ಟಿದ್ದಾ?”

“ಬಿಟ್ಟಿದ್ದೇ ಅತ್ತೆ.”

“ಸದ್ಯ,” ಎಂದು ಅತ್ತೆ ಕ್ಯಾನು ತೊಳೆಯಲು ಹೋದರು.