ಇಂಜಿನೇರ್ ಜಲಾಲುದ್ದೀನರ ಸತ್ಕಾರ

ಯಾದಗಿರಿಯ ಹತ್ತಿ ಮಿಲ್ಲಿನ ಇಂಜಿನೇರ್ ಜಲಾಲುದ್ದೀನ ಸಾಹೇಬರು ಸಂಜೆ ಕೆಲಸ ಬಿಡುವ ಉಗಿಯ ಭೋಂಗಾ ಕೂಗಿಸಿದರೆ, ಶಹಾಪುರದ ಗುಡ್ಡದ ರೂಪದಲ್ಲಿ ಯುಗಯುಗಗಳಿಂದ ಅಂಗಾತ ಮಲಗಿದ ಬುದ್ಧ ಮಗ್ಗಲು ಬದಲಿಸುತ್ತಿದ್ದ. ನಂಬದವರು ಹೋಗಿ ನೋಡಬಹುದು. ಅವರು ಮುಟ್ಟುವಷ್ಟರಲ್ಲಿ ಮತ್ತೆ ಅಂಗಾತ ಆಗಿರುತ್ತಾನೆ, ಅದಕ್ಕೆ ಯಾರೇನು ಮಾಡಬೇಕು? ರಂಗಂಪೇಟೆಯಲ್ಲಿ ಮಗ್ಗಗಳು ನಿಲ್ಲುತ್ತಿದ್ದವು. ಮುದನಾಳದ ಎತ್ತುಗಳು ತಾವೇ ನೊಗ ಇಳಿಸಿ ಮನೆಯ ಹಾದಿ ಹಿಡಿಯುತ್ತಿದ್ದವು. ಯಾದಗಿರಿಯಲ್ಲಂತೂ ಗಡಿಯಾರ ಇದ್ದವರೂ ಭೋಂಗಾ ಕೇಳಿಯೇ ಅದರ ಕಿವಿ ಹಿಂಡುತ್ತಿದ್ದರು.

ನಿಜಾಮನ ರಾಜ್ಯ ಮುಗಿದ ವರ್ಷ ರೈಲಿನಲ್ಲಿ ಕಲ್ಲಿದ್ದಲು ಬರುವುದು ನಿಂತು, ಮಿಲ್ಲಿನ ಮಾಲೀಕರೆಲ್ಲ ಬಾಗಿಲಿಗೆ ಹಾಕಲು ಬೀಗ ಹುಡುಕುತ್ತಿದ್ದರು. ಸಾಹೇಬರು ಹೊಲದ ಒಣ ಹತ್ತಿಕಟಗಿ ತರಿಸಿ ಬಾಯ್ಲರಿನ ಒಲೆ ಹೊತ್ತಿಸಿದರು. ಸೈಕಲ್ ಹತ್ತಿ ಹೋಗಿ ಶಹಾಪುರ, ಸುರಪುರದ ಮಿಲ್ಲುಗಳಲ್ಲೂ ಅಂಥವೇ ಒಲೆ ಕಟ್ಟಿಸಿದರು. ಆ ಸೈಕಲ್ ಭೀಮಾನದಿಯನ್ನು ಈಜಿ ದಾಟುತ್ತಿತ್ತು ಎಂದು ಆಣೆ ಮಾಡುವವರಿದ್ದಾರೆ. ಬೇಸಿಗೆಯಲ್ಲಿ ಮಿಲ್ಲಿನ ಪಂಪಿನಿಂದ ಸ್ಟೇಷನ್ ಓಣಿಗೆ ನೀರು ಬಿಟ್ಟರು. ಮಾಲೀಕರು ಕಣ್ಣು ಕೆಂಪಗೆ ಮಾಡಿದಾಗ, "ಬಾಯ್ಲರ್ ತೊಳ್ದ ನೀರ್ರಿ ಅದು" ಅಂದರು. ಆ ತೊಳೆದ ನೀರಲ್ಲಿ ಅರ್ಧ ಊರು ಬ್ಯಾಳಿ ಬೇಯಿಸಿತು.

ಇಷ್ಟು ಮಾಡಿದವರ ಮನೆಯಲ್ಲಿ ಮಾತಾಡುವುದೆಂದರೆ ಚಹಾದ ಕಿಟಲಿ ಒಂದೇ. ಅದೂ ಬಿಸಿ ಇದ್ದಷ್ಟು ಹೊತ್ತು. ಹೆಂಡತಿ ಆಮೀನಾ ತೀರಿಕೊಂಡಿದ್ದಳು. ಅಣ್ಣನ ಮನೆಯವರು ನಿಜಾಮನ ರಾಜ್ಯ ಮುಗಿದ ಗದ್ದಲದ ವರ್ಷವೇ ಹೈದರಾಬಾದ್ ಸೇರಿದ್ದರು.

ಯಾದಗಿರಿ ಮೈಸೂರು ರಾಜ್ಯಕ್ಕೆ ಕೂಡಿದ ಚಳಿಗಾಲದಲ್ಲಿ ಸಾಹೇಬರ ನೌಕರಿ ಮುಗಿಯಲು ಬಂತು. ಮಿಲ್ಲುಗಳ ಸಂಘದ ಅಧ್ಯಕ್ಷ ಲಿಂಗಣ್ಣ ಕೊನೆಯ ದಿನಕ್ಕೆ ಸತ್ಕಾರ ಇಟ್ಟುಕೊಂಡ. ಹಿಂದಿನ ದಿನ ಡಂಗುರ ಸಾರಿಸಿದ: "ನಾಳಿ ಸಂಜಿ ಭೋಂಗಾ ಆದಮ್ಯಾಲ ಎಲ್ಲಾರೂ ಸ್ಟೇಷನ್ ಮೈದಾನಕ್ಕ ಬರ್ರೆಪೋ!"

ಆ ನಾಳೆಯ ರಾತ್ರಿಗಾಡಿಗೆ ಹೈದರಾಬಾದಿನ ಟಿಕೆಟ್ ಸಾಹೇಬರ ಕಿಸೆಯಲ್ಲಿತ್ತು. ಯಾರಿಗೂ ಹೇಳಿರಲಿಲ್ಲ. ಸತ್ಕಾರದಲ್ಲಿ ಒಬ್ಬರಾದರೂ, ಒಬ್ಬರೇ ಸಾಕು, "ಎಲ್ಲೂ ಹೋಗಬ್ಯಾಡ್ರಿ, ಇಲ್ಲೇ ಇರ್ರಿ" ಅಂದರೆ ಉಳಿಯುವುದು. ಇಲ್ಲದಿದ್ದರೆ ಗಾಡಿ ಹತ್ತುವುದು. ಹೀಗೆ ತಮ್ಮೊಳಗೇ ಕರಾರು ಮಾಡಿಕೊಂಡಿದ್ದರು.

ಮರುದಿನ ಲಿಂಗಣ್ಣ ಸಾಹೇಬರನ್ನು ಹೊತ್ತಿಗೆ ಮೊದಲೇ ಕರೆತಂದು ಕುರ್ಚಿಯಲ್ಲಿ ಕೂರಿಸಿದ. ಎದುರಿಗೆ ಹಾಸಿದ ಜಮಖಾನಾ ಭೀಮಾ ತೀರದ ಮರಳಿನಷ್ಟು ಅಗಲ ಕಂಡಿತು. ಅದರ ಮೇಲೆ ಒಂದು ನಾಯಿ ಮಾತ್ರ ಕೂತಿತ್ತು, ಅದೂ ಬೆನ್ನು ತೋರಿಸಿ. ಹೊತ್ತು ಇಳಿಯಿತು. ಯಾರೂ ಬರಲಿಲ್ಲ.

"ಬರ್ತಾರ್ರಿ ಸಾಹೇಬ್ರ. ನಮ್ಮ ಮಂದಿ ಮದವಿಗೂ ತಡಾ ಮಾಡೇ ಬರೋದು."

"ಮಣ್ಣಿಗಾದ್ರ ಜಲ್ದಿ ಬರ್ತಾರ ಬಿಡ್ರಿ. ಸತ್ಕಾರದ ಬದಲಿ ನಾ ಸತ್ತಿದ್ರ ಮೈದಾನ ತುಂಬತಿತ್ತು."

ನಗಿಸಲು ಹೀಗಂದು ಸಾಹೇಬರು ಮತ್ತೆ ಜಮಖಾನಾದ ಕಡೆ ನೋಡಿದರು. ಇಷ್ಟು ವರ್ಷ ನಾನು ಕೂಗಿಸಿದ್ದು ಯಾರ ಕಿವಿಗೆ? ಎಂದುಕೊಂಡವರೇ ತಟ್ಟನೆ ತಿರುಗಿದರು.

"ಲಿಂಗಣ್ಣ, ಭೋಂಗಾ ಆತೇನ್ರಿ?"

"ಹೆಂಗಾಗ್ತದರಿ? ಹೊಡಿಯೋರು ಇಲ್ಲೇ ಕುಂತೀರಲ್ಲ!" ಅಂದ ಲಿಂಗಣ್ಣ, ಅಂದ ಮೇಲೆ ತಲೆ ಹಿಡಿದುಕೊಂಡ.

ಸಾಹೇಬರು ಮಿಲ್ಲಿಗೆ ಓಡಿದರು. ಬಾಯ್ಲರಿನ ಮುಂದೆ ಒಲೆ ನೋಡಿಕೊಳ್ಳುವ ತಾಯಪ್ಪ ಬೆವರಲ್ಲಿ ತೊಯ್ದು ನಿಂತಿದ್ದ. ಒಳಗೆ ಹೆಂಗಸರು ಹತ್ತಿ ಆರಿಸುತ್ತ, ಈ ಹಗಲಿಗೆ ಮುಗಿಯೋ ಚಾಳಿಲ್ಲ ಎಂದು ಬೈಯುತ್ತಿದ್ದರು.

"ಭೋಂಗಾದ ಸರಪಳಿ ಜಗ್ಗಬಾರದೇನಪಾ ತಾಯಪ್ಪ?"

"ಮುಟ್ಟಿದ್ರ ಕೈ ಕಡೀತೀನಿ ಅಂದಿದ್ರಿ. ಎರಡೇ ಕೈ ಅದಾವ್ರಿ ನನಗ."

ಅಂದದ್ದು ನಿಜವೇ. ಆ ಸರಪಳಿಯನ್ನು ಅವರು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ತಾವೇ ಹೋಗಿ ಜಗ್ಗಿದರು.

ಊರಿಗೆ ಊರೇ ಎದ್ದು ಬಂತು. ಹಾರ ಏರಿ ಏರಿ ಸಾಹೇಬರ ಮೂಗು ಮುಚ್ಚಿತು. ಸುರಪುರದವರು ಶಾಲು ಹೊದಿಸಿದರು, ಶಹಾಪುರದವರು ಹತ್ತಿಕಟಗಿಯ ಒಲೆಯನ್ನು ಹೊಗಳಿದರು, ಲಿಂಗಣ್ಣ ಪಂಪಿನ ನೀರನ್ನು ಗಂಗೆ ಮಾಡಿದ. ಎಲ್ಲರೂ ಸೇರಿ ಸಾಹೇಬರನ್ನು ಅಜರಾಮರ ಮಾಡಿದರು; ಇರ್ರಿ ಎಂದು ಮಾತ್ರ ಯಾರೂ ಅನ್ನಲಿಲ್ಲ. ಅವರು ಪ್ರತಿ ಭಾಷಣದ ಕೊನೆಗೂ ಹಾರ ಸರಿಸಿ ಕಿವಿಗೊಟ್ಟರು.

ಮಂದಿ ಚದುರಿತು. ಹತ್ತಿ ಆರಿಸುವ ಮುದುಕಿ ಭೀಮವ್ವ ಮುಂದೆ ಬಂದು ನಿಂತಳು.

"ಏನ್ ಸಾಹೇಬಾ, ನಿನ್ನ ಸತ್ಕಾರದಾಗ ನನ್ನ ಒಲಿ ತಣ್ಣಗ ಬಿತ್ತಲ್ಲೋ! ನಾಳಿ ಭೋಂಗಾ ಹಿಂಗ ತಡಾ ಮಾಡಬ್ಯಾಡ."

"ನಾಳಿಂದ ನಂದು ನೌಕರಿ ಇಲ್ಲಬೇ ಯವ್ವಾ."

"ನೌಕರಿ ಇಲ್ಲಂದ್ರ ಏನಾತು, ಊರಾಗ ಇರ್ತೀಯಲ್ಲ!"

ಉತ್ತರಕ್ಕೂ ನಿಲ್ಲದೆ ಹೋದಳು.

ಅದು ಇರು ಅಂದ ಹಾಗೋ ಅಲ್ಲವೋ? ಹೈಕೋರ್ಟಿಗೆ ಒಯ್ದಿದ್ದರೆ ಮೂರು ತಲೆಮಾರು ವಾದ ನಡೆಯುತ್ತಿತ್ತು. ಇರೆಂದು ಆಕೆ ಬೇಡಿರಲಿಲ್ಲ. ಹೋಗುವವನಿದ್ದಾನೆ ಎಂಬುದೇ ಆಕೆಗೆ ಹೊಳೆದಿರಲಿಲ್ಲ. ಸಾಹೇಬರು ಅದನ್ನೇ ತೂಗುತ್ತ ನಿಂತಿರುವಾಗ ಗಾಡಿ ಬಂತು, ನಿಂತಿತು, ಹೋಯಿತು.

ಮನೆಗೆ ಹೋಗಲು ಅವಸರವೇನಿತ್ತು? ತಾಯಪ್ಪ ಒಬ್ಬನೇ ಜಮಖಾನಾ ಸುತ್ತಲು ಒದ್ದಾಡುತ್ತಿದ್ದ. ಸಾಹೇಬರು ಹಾರ ಹೆಗಲ ಹಿಂದಕ್ಕೆ ಎಸೆದುಕೊಂಡು, ಬಗ್ಗಿ, ಇನ್ನೊಂದು ತುದಿ ಹಿಡಿದರು.